ಬೆವೆತ ಎತ್ತಿಗೆ ಬೆಲೆ ಇಲ್ಲ

ಎಂಡ್ಯೂರೆನ್ಸ್ ರೈಡಿಂಗ್ ಅಂತ ಒಂದು ಆಟ ಇದೆ. ಕುದುರೆ ಮೇಲೆ ಕೂತು 40, 80, 120, 160 ಕಿಲೋಮೀಟರ್ ಹೋಗುವುದು. ಟರ್ಫ್ ಕ್ಲಬ್ಬಿನ ಹಾಗೆ ಹುಲ್ಲಿನ ಟ್ರ್ಯಾಕು, ಬಿಳಿ ಬೇಲಿ ಏನೂ ಇರಲ್ಲ. ಗಾಡಿ ಜಾಡು, ಕೆರೆ ಏರಿ, ನೀಲಗಿರಿ ತೋಪು, ಕಲ್ಲು ದಾರಿ, ಸಿಕ್ಕಿದ್ದರಲ್ಲಿ ಹೋಗಬೇಕು. ಇದರ ವಿಶೇಷ ಏನಪ್ಪಾ ಅಂದ್ರೆ, ಕೊನೇ ಗೆರೆ ದಾಟಿದರೂ ರೈಡ್ ಮುಗಿದಿರಲ್ಲ. ಗೆರೆಯ ಆಚೆ ಪಶುವೈದ್ಯರು ಕಾಯ್ತಿರ್ತಾರೆ. ಕುದುರೆಯ ಎಡ ಮುಂಗಾಲಿನ ಹಿಂದೆ ಸ್ಟೆತಾಸ್ಕೋಪ್ ಇಟ್ಟು ಎದೆ ಬಡಿತ ಎಣಿಸ್ತಾರೆ. ಕೊಟ್ಟ ನಿಮಿಷಗಳೊಳಗೆ ಅದು 64ಕ್ಕೆ ಇಳಿದಿರಬೇಕು. ಆಮೇಲೆ ಚರ್ಮ ಚಿವುಟಿ ಮೈಯಲ್ಲಿ ನೀರಿನಂಶ ಇದೆಯಾ ನೋಡ್ತಾರೆ. ಒಸಡು ಒತ್ತಿ ಬಿಟ್ಟು ರಕ್ತ ಎಷ್ಟು ಬೇಗ ವಾಪಸ್ ಬರುತ್ತೆ ನೋಡ್ತಾರೆ. ಹೊಟ್ಟೆಗೆ ಕಿವಿ ಕೊಟ್ಟು ಕರುಳು ಸದ್ದು ಮಾಡ್ತಿದೆಯಾ ಕೇಳ್ತಾರೆ. ಕೊನೆಗೆ ಕುದುರೆಯನ್ನ ಓಡಿಸಿ, ಕುಂಟುತ್ತಾ ಅಂತ ನೋಡ್ತಾರೆ. ಇಷ್ಟೆಲ್ಲ ಆಗಿ, "ಈ ಕುದುರೆ ಇನ್ನೂ ಮುಂದಕ್ಕೆ ಹೋಗಬಲ್ಲದು" ಅಂತ ಅವರು ಬರೆದುಕೊಟ್ಟರೆ ಮಾತ್ರ ನೀವು ಮುಗಿಸಿದ ಲೆಕ್ಕ. ಎಲ್ಲರಿಗಿಂತ ಮೊದಲು ಬಂದವರ ಕುದುರೆ ಕುಂಟಿದರೆ ಅವರು ಬಂದೇ ಇಲ್ಲ ಅಂತಲೇ ಅರ್ಥ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1955ರಲ್ಲಿ ವೆಂಡೆಲ್ ರೋಬಿ ಅನ್ನುವವರು ಕೆಲವು ಗೆಳೆಯರ ಜೊತೆ 100 ಮೈಲಿ ಗುಡ್ಡಗಾಡು ದಾರಿಯನ್ನ ಒಂದೇ ದಿನದಲ್ಲಿ ಕುದುರೆ ಮೇಲೆ ಮುಗಿಸಿದರು. ಅದೇ ಇವತ್ತಿನ ಟೆವಿಸ್ ಕಪ್. ಅಲ್ಲಿ 24 ಗಂಟೆಯೊಳಗೆ ಗಟ್ಟಿಮುಟ್ಟಾದ ಕುದುರೆ ಜೊತೆ ಬಂದವರಿಗೆಲ್ಲ ಒಂದೊಂದು ಬೆಳ್ಳಿ ಬಕಲ್ ಕೊಡ್ತಾರೆ. ಮೊದಲನೆಯವರಿಗೂ ಅದೇ, ಕೊನೆಯವರಿಗೂ ಅದೇ. ನಮ್ಮ ಪಕ್ಕದ ಕೇರಳದ ನಿದಾ ಅಂಜುಮ್ ಚೇಲಾಟ್ 2024ರಲ್ಲಿ ಫ್ರಾನ್ಸ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಪೆಟ್ರಾ ಡೆಲ್ ರೇ ಅನ್ನೋ ಕುದುರೆ ಜೊತೆ 160 ಕಿಲೋಮೀಟರ್ ಮುಗಿಸಿದರು. ಪೇಪರಿನವರು "ಮುಗಿಸಿದ ಮೊದಲ ಭಾರತೀಯಳು" ಅಂತ ಬರೆದಿದ್ದರು. ಗೆದ್ದ ಅಂತಲ್ಲ, ಮುಗಿಸಿದ ಅಂತ. ಆ ಪದ ಯಾಕೋ ನನ್ನ ತಲೆಯಲ್ಲಿ ಉಳ್ಕೊಂಡುಬಿಡ್ತು.

ನಾನು ಹುಟ್ಟಿ ಬೆಳೆದದ್ದು ದೊಡ್ಡಬಳ್ಳಾಪುರ ತಾಲ್ಲೂಕು ಸಾಸಲು ಹೋಬಳಿಯ ಒಂದು ಹಳ್ಳಿಯಲ್ಲಿ. ನಮ್ಮೂರಲ್ಲಿ ಕುದುರೆ ಅಂದ್ರೆ ದುಡ್ಡಿರೋರ ಮನೆ ಮದುವೆ ಮೆರವಣಿಗೆಗೆ ಬಾಡಿಗೆಗೆ ಬರೋ ಬಡಕಲು ಜೀವ. ಅದು ಬಿಟ್ರೆ ದೇವಸ್ಥಾನದಲ್ಲಿರೋ ಮರದ ಕುದುರೆ ವಾಹನ. ಹಾಗಂತ ಕುದುರೆಯ ಮೇವು ನಮಗೆ ಗೊತ್ತಿಲ್ಲದ್ದೇನಲ್ಲ. ಹಸುಗಳಿಗೆ ಅಂತ ಬದುವಿನ ಪಕ್ಕ ಬೆಳೆಯೋ ಸೊಪ್ಪಿಗೆ ನಾವು ಅನ್ನೋದೇ ಕುದುರೆ ಮಸಾಲೆ. ಮನೇಲಿ ಕಟ್ಟು ಬಸಿದು ಸಾರು ಮಾಡೋ ಹುರುಳಿಗೆ ಇಂಗ್ಲಿಷಿನವರು ಇಟ್ಟ ಹೆಸರು ಹಾರ್ಸ್ ಗ್ರಾಮ್. ಆ ಕಡೆ ಕುಣಿಗಲ್‌ನಲ್ಲಿ ಟಿಪ್ಪು ಕಾಲದಿಂದ ಕುದುರೆ ಸಾಕ್ತಿದ್ದಾರೆ, ಈ ಕಡೆ ಟಿಪ್ಪು ಹುಟ್ಟಿದ ದೇವನಹಳ್ಳಿ. 1918ರಲ್ಲಿ ಹೈಫಾ ಊರನ್ನ ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಕುದುರೆ ಸವಾರಿಗೆ ಎರಡು ಬೆಳ್ಳಿ ತಂದರು. ಎಲ್ಲ ನಮ್ಮ ಸುತ್ತಮುತ್ತಲೇ. ಆದರೂ ಕುದುರೆ ಹತ್ತೋದು ನಮ್ಮಂಥೋರ ಕೆಲಸ ಅಲ್ಲ ಅಂತ ಯಾರೂ ಹೇಳದೇನೇ ನಮಗೆಲ್ಲ ಗೊತ್ತಿತ್ತು.

ಮೂವತ್ತೈದಕ್ಕೆ ಡಾಕ್ಟರು ನನ್ನ ಬಿಪಿ ನೋಡಿ, "ಮಾತ್ರೆ ಶುರು ಮಾಡೋಣ, ಆದರೆ ಸ್ಕ್ರೀನ್ ಇಲ್ಲದ ಯಾವುದಾದರೂ ಅಭ್ಯಾಸ ಇಟ್ಕೊಳಿ" ಅಂದರು. ನನ್ನ ಹೆಂಡತಿ ಹೆಸರಘಟ್ಟದ ಕಡೆ ಒಂದು ರೈಡಿಂಗ್ ಸ್ಕೂಲ್ ಹುಡುಕಿ ಕೊಟ್ಟಳು. ಶನಿವಾರ, ಭಾನುವಾರ ಬೆಳಿಗ್ಗೆ ಆರಕ್ಕೆ. ಒಂದೂವರೆ ವರ್ಷ ಆದಮೇಲೆ ನನ್ನ ಪಾಲಿಗೆ ಬಂದವಳು ಬೇಗಂ.

ಬೇಗಂ ರೇಸಿನಿಂದ ನಿವೃತ್ತಳಾದ ಒಂಬತ್ತು ವರ್ಷದ ಥರೋಬ್ರೆಡ್ ಹೆಣ್ಣು ಕುದುರೆ. ರೇಸ್ ಕಾರ್ಡಿನಲ್ಲಿ ಅವಳಿಗೆ ಬೇರೆ ಉದ್ದದ ಹೆಸರಿತ್ತಂತೆ. ಬೇಗಂ ಅಂತ ಕರೆದದ್ದು ಅವಳನ್ನ ನೋಡ್ಕೊಳ್ಳೋ ಸೈಸ್ ಚಾಚಾ, ಅವಳ ಗತ್ತು ನೋಡಿ. ಬಕೆಟ್ ಸ್ವಲ್ಪ ಕೊಳೆ ಇದ್ರೂ ನೀರು ಮುಟ್ಟಲ್ಲ. ಪ್ಲಾಸ್ಟಿಕ್ ಕವರ್ ಹಾರಿದ್ರೆ ಎರಡು ಕಾಲ ಮೇಲೆ. ಪಕ್ಕದಲ್ಲಿ ಇನ್ನೊಂದು ಕುದುರೆ ಒಂದು ಮೂತಿ ಮುಂದೆ ಹೋದ್ರೂ ಇವಳಿಗೆ ತಡ್ಕೊಳ್ಳೋಕಾಗಲ್ಲ. ಪಾಪ, ಅವಳು ಕಲಿತ ಕೆಲಸ ಅದೊಂದೇ: 1400 ಮೀಟರನ್ನ ಒಂದೂವರೆ ನಿಮಿಷದೊಳಗೆ ಓಡೋದು. ನಾವು ಆಫೀಸಲ್ಲಿ ಎರಡೆರಡು ವಾರಕ್ಕೊಂದು ಸ್ಪ್ರಿಂಟ್ ಅಂತೀವಲ್ಲ, ಇವಳದ್ದು ನಿಜವಾದ ಸ್ಪ್ರಿಂಟ್. ದೂರದ ದಾರಿಗೆ ಹೇಳಿ ಮಾಡಿಸಿದ್ದು ಅರಬ್ಬೀ ಕುದುರೆ. ಮೈ ಸಣ್ಣ, ಬೇಗ ಆರುತ್ತೆ. ಅಂಥದ್ದರಲ್ಲಿ ಬೇಗಂಳನ್ನ 40 ಕಿಲೋಮೀಟರ್ ಕರ್ಕೊಂಡು ಹೋಗೋದು ಅಂದ್ರೆ ತಮಾಷೆ ಅಲ್ಲ.

ಚಾಚಾ ಅಪ್ಪನ ಕಾಲದಿಂದ ಕುದುರೆ ಲಾಯದಲ್ಲೇ ಬೆಳೆದವರು. ಮೊದಲ ದಿನವೇ ಒಂದು ಮಾತು ಹೇಳಿದ್ರು: "ಸಾರ್, ಇವಳನ್ನ ಹಿಡಿದ್ರೆ ಓಡ್ತಾಳೆ, ಬಿಟ್ರೆ ನಿಲ್ತಾಳೆ."

ಕೇಳೋಕೆ ಒಗಟಿನ ಹಾಗಿದ್ದರೂ ಕಾರಣ ಸರಳ. ರೇಸ್ ಕುದುರೆ ಜಾಕಿ ಲಗಾಮು ಬಿಗಿ ಹಿಡಿದಷ್ಟೂ ಕಡಿವಾಣಕ್ಕೆ ಒರಗಿಕೊಂಡು ಓಡೋಕೆ ಕಲಿತಿರುತ್ತೆ. ಅದರ ಬಾಯಿಗೆ ಬಿಗಿ ಅಂದ್ರೆ ಬ್ರೇಕ್ ಅಲ್ಲ, ಆಕ್ಸಲರೇಟರ್. ಹೆದರಿಕೊಂಡವರು ಎಳೀತಾರೆ, ಅದು ಇನ್ನೂ ಜೋರಾಗಿ ಹೋಗುತ್ತೆ, ಇವರು ಇನ್ನೂ ಎಳೀತಾರೆ. ನಿಲ್ಲಿಸಬೇಕು ಅಂದ್ರೆ ಉಸಿರು ಪೂರ್ತಿ ಬಿಟ್ಟು, ಜೀನಿನಲ್ಲಿ ಭಾರ ಇಳಿಸಿ ಕೂತು, ಲಗಾಮು ಸಡಿಲ ಮಾಡಬೇಕು. ಓದೋಕೆ ಸುಲಭ. ಐನೂರು ಕೆ.ಜಿ. ಜೀವ ನಿಮ್ಮ ತೊಡೆ ಕೆಳಗೆ ಸಿಡಿಯೋಕೆ ತಯಾರಾಗಿರುವಾಗ ಕೈ ಸಡಿಲ ಬಿಡೋದು ಎಷ್ಟು ಕಷ್ಟ ಅಂತ ಕೂತವರಿಗೇ ಗೊತ್ತು. ಐದು ತಿಂಗಳು ನಾವಿಬ್ಬರೂ ಅದೊಂದನ್ನೇ ಅಭ್ಯಾಸ ಮಾಡಿದೆವು. ಮೊದಲು ನಡಿಗೆ, ಆಮೇಲೆ ಟ್ರಾಟ್, ಹತ್ತು ಕಿಲೋಮೀಟರ್, ಹದಿನೈದು, ಇಪ್ಪತ್ತೈದು.

ಹಿಂದೆ ಸೈನ್ಯದಲ್ಲಿ ಸಿಲ್ಲೇದಾರ, ಬಾರ್ಗೀರ ಅಂತ ಎರಡು ಥರದ ಸವಾರರು ಇದ್ದರು. ಸಿಲ್ಲೇದಾರ ತನ್ನದೇ ಕುದುರೆ ತರೋನು. ಬಾರ್ಗೀರ ಬೇರೆಯವರ ಕುದುರೆ ಹತ್ತೋನು. ಸ್ವಂತ ಕುದುರೆ ಸತ್ತರೆ ಸಿಲ್ಲೇದಾರನಿಗೆ ಹೊಟ್ಟೆಪಾಡೇ ಹೋದ ಹಾಗೆ, ಅದಕ್ಕೇ ಅವನು ಕುದುರೆಯನ್ನ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕಿತ್ತು. ನಾನು ಬಾರ್ಗೀರ. ತಿಂಗಳ ಫೀಸ್ ಕಟ್ಟಿ ಹತ್ತೋನು. ಆದರೆ ನಮ್ಮನೇಲಿ ಒಬ್ಬ ಸಿಲ್ಲೇದಾರ ಇದ್ದ. ಕುದುರೆಗಲ್ಲ, ಎತ್ತಿಗೆ.

2006ರಲ್ಲಿ ನನಗೆ ಬಿ.ಇ. ಸೀಟು ಸಿಕ್ಕಿತು. ಅಪ್ಪ ಸಾಲ ತಂದು ಫೀಸ್ ಕಟ್ಟಿದ. ಆ ಸಾಲ ತೀರಿಸೋಕೆ ಡಿಸೆಂಬರ್‌ನಲ್ಲಿ ತಾತನ ಹಳ್ಳಿಕಾರ್ ಜೋಡಿಯನ್ನ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಹೊಡ್ಕೊಂಡು ಹೋಗೋದು ಅಂತಾಯ್ತು. ನಮ್ಮೂರಿಂದ ಇಪ್ಪತ್ತು ಕಿಲೋಮೀಟರ್‌ಗೂ ಹೆಚ್ಚು. ಟೆಂಪೋದಲ್ಲಿ ಹಾಕೋಣ ಅಂತ ಅಪ್ಪ ಅಂದ್ರೆ ತಾತ ಒಪ್ಪಲಿಲ್ಲ. ನಾನೂ ಕಾಲೇಜಿಗೆ ರಜೆ ಹಾಕಿ ಬಂದಿದ್ದೆ. ಬೆಳಗಿನ ಜಾವ ಮೂರಕ್ಕೆ ಹೊರಟೆವು. ತಾತನ ಕೈಯಲ್ಲಿ ಬಾರುಕೋಲು ಇತ್ತು, ಆದರೆ ಒಂದು ಸಲವೂ ಎತ್ತಲಿಲ್ಲ. ಪ್ರತಿ ಕಟ್ಟೆ, ಪ್ರತಿ ಕೆರೆ ಹತ್ತಿರ ನಿಲ್ಲಿಸಿ ನೀರು ತೋರಿಸ್ತಿದ್ದ. ನಿಂತಾಗೆಲ್ಲ ಪಕ್ಕೆ ಮೇಲೆ ಅಂಗೈ ಇಟ್ಟು ಸುಮ್ಮನಿರ್ತಿದ್ದ. ಉಸಿರು ನೋಡ್ತಿದ್ದ ಅಂತ ನನಗೆ ಈಗ ಅರ್ಥ ಆಗುತ್ತೆ. ನಾನು ಬೇಗ ಬೇಗ ನಡೆದ್ರೆ, "ಬೆವೆತ ಎತ್ತಿಗೆ ಬೆಲೆ ಇಲ್ಲ ಕಣ್ಲಾ. ಜಾತ್ರೆ ಮುಟ್ಟಿದ್ ಮ್ಯಾಲೂ ಇನ್ನೂ ಇಷ್ಟೇ ದೂರ ನಡೀತವೆ ಅನ್ನಂಗಿರ್ಬೇಕು" ಅಂದ.

ಸಂಜೆಗೆ ಘಾಟಿ ಮುಟ್ಟಿದರೂ ತಾತ ಜಾತ್ರೆಯೊಳಕ್ಕೆ ಹೋಗಲಿಲ್ಲ. ಹೊರಗೆ ಒಂದು ಹುಣಸೇಮರದ ಕೆಳಗೆ ಕಟ್ಟಿ, ಮೈ ತೊಳೆದು, ಹುರುಳಿ ಇಟ್ಟು, ರಾತ್ರಿ ಪಕ್ಕದಲ್ಲೇ ಮಲಗಿದ. ಬೆಳಿಗ್ಗೆ ಜೋಡಿ ಒಳಗೆ ನಡೆದಾಗ ಜನ ತಿರುಗಿ ನೋಡಿದ್ರು. ದಳ್ಳಾಳಿ ಹಲ್ಲು ನೋಡಿದ, ಸುಳಿ ನೋಡಿದ, ನಡೆಸಿ ನೋಡಿದ. ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮುಗೀತು. ವಾಪಸ್ ಬಸ್ಸಲ್ಲಿ ಬಂದೆವು. ಕೊರಳ ಗಂಟೆಗಳನ್ನ ತಾತ ಟವೆಲಿನಲ್ಲಿ ಸುತ್ತಿ, ಬಸ್ಸು ಕುಲುಕಿದ್ರೂ ಸದ್ದಾಗದ ಹಾಗೆ ತೊಡೆ ಮೇಲೆ ಒತ್ತಿ ಹಿಡ್ಕೊಂಡಿದ್ದ. ಆಮೇಲೆ ನಮ್ಮನೆಗೆ ಎತ್ತು ಬರಲಿಲ್ಲ. ನನ್ನ ಮೊದಲ ಸಂಬಳ ಬರೋ ಹೊತ್ತಿಗೆ ತಾತ ಇರಲಿಲ್ಲ.

ನಮ್ಮ ಸ್ಕೂಲಿನವರು ಮತ್ತು ಇನ್ನೆರಡು ಲಾಯದವರು ಸೇರಿ ಒಂದು ಸಣ್ಣ ರೈಡ್ ಮಾಡೋಣ ಅಂತ 2025ರ ಫೆಬ್ರವರಿಯಲ್ಲಿ ತೀರ್ಮಾನಿಸಿದರು. ಪದಕ ಇಲ್ಲ, ಪ್ರೈಜ್ ಇಲ್ಲ, ನಿಯಮ ಮಾತ್ರ ಕಟ್ಟುನಿಟ್ಟು. ದೊಡ್ಡಬಳ್ಳಾಪುರದಿಂದ ಘಾಟಿಗೆ ಹೋಗೋ ರಸ್ತೆ ಪಕ್ಕದ ಒಂದು ಮಾವಿನ ತೋಪಿನಲ್ಲಿ ಬೇಸ್. ಅಲ್ಲಿಂದ 20 ಕಿಲೋಮೀಟರಿನ ಎರಡು ಸುತ್ತು. ಒಂದು ಮಾಕಳಿದುರ್ಗದ ಕಡೆಗೆ, ಇನ್ನೊಂದು ಘಾಟಿ ಕಡೆಗೆ. ಮಧ್ಯೆ 40 ನಿಮಿಷ ವಿಶ್ರಾಂತಿ, ತಪಾಸಣೆ. ಹೊಸಬರು ಗಂಟೆಗೆ 12 ಕಿಲೋಮೀಟರ್‌ಗಿಂತ ಜೋರಾಗಿ ಬಂದರೆ ಔಟ್. ಹೌದು, ಬೇಗ ಬಂದರೆ ಔಟ್. ನಮ್ಮ ಮ್ಯಾನೇಜರ್‌ಗಳಿಗೆ ಇದನ್ನ ಹೇಗೆ ಅರ್ಥ ಮಾಡಿಸೋದು ಅಂತ ನನಗೆ ಇನ್ನೂ ಹೊಳೆದಿಲ್ಲ.

ಆರೂವರೆಗೆ ಒಂಬತ್ತು ಕುದುರೆ ಹೊರಟೆವು. ಚಳಿ, ಮಂಜು. ಕೊಯ್ಲಾಗಿ ರಾಗಿ ಹುಲ್ಲಿನ ಮೆದೆಗಳು ಅಲ್ಲಲ್ಲಿ ನಿಂತಿದ್ದವು. ಬೇಗಂ ಮೊದಲ ಅರ್ಧ ಗಂಟೆ ಅಡ್ಡಡ್ಡ ನಡೆದಳು. ಪ್ರತಿ ಮೆದೆಯ ಹಿಂದೆಯೂ ಅವಳಿಗೊಂದು ಚಿರತೆ ಕಾಣ್ತಿತ್ತು. ಮಾಕಳಿದುರ್ಗದ ಬೆಟ್ಟದ ಕೆಳಗೆ ದಾರಿ ರೈಲು ಹಳಿಗೆ ಹತ್ತಿರ ಬರುತ್ತೆ. ಅಷ್ಟೊತ್ತಿಗೆ ಸರಿಯಾಗಿ ತಿರುವಿನಿಂದ ಗೂಡ್ಸ್ ಗಾಡಿ ಬಂತು. ಅವಳ ಬೆನ್ನು ಬಿಲ್ಲಿನ ಹಾಗೆ ಎದ್ದಿದ್ದು ನನಗೆ ಜೀನಿನ ಕೆಳಗೆ ಗೊತ್ತಾಯ್ತು. ಉಸಿರು ಬಿಟ್ಟೆ. ಕೈ ಬಿಟ್ಟೆ. ಬೋಗಿಗಳು ಒಂದೊಂದಾಗಿ ದಾಟಿದವು. ಅವಳು ನಡುಗ್ತಾ ನಿಂತಿದ್ದಳು, ಆದರೆ ನಿಂತಿದ್ದಳು. ಕೊನೇ ಬೋಗಿ ದಾಟಿದ ಮೇಲೆ ಮೂಗಿನಿಂದ ಒಂದು ದೊಡ್ಡ ಸದ್ದು ಮಾಡಿ ಮುಂದಕ್ಕೆ ಹೊರಟಳು.

ಮೊದಲ ಸುತ್ತು ಮುಗಿದಾಗ ಬಡಿತ ಬೇಗ ಇಳೀತು. ಚಾಚಾ ಸಿರಿಂಜಿನಲ್ಲಿ ಎಲೆಕ್ಟ್ರೋಲೈಟ್ ಬಾಯಿಗೆ ಹಾಕಿದ್ರು. ಕುದುರೆ ನಮ್ಮ ಹಾಗೇ ಬೆವೆತು ಮೈ ತಂಪು ಮಾಡಿಕೊಳ್ಳುತ್ತೆ. ಅದರ ಬೆವರಿನಲ್ಲಿ ಉಪ್ಪಿನಂಶ ನಮ್ಮದಕ್ಕಿಂತ ಹೆಚ್ಚು. ಬಿಸಿಲಲ್ಲಿ ದುಡಿಯುವಾಗ ಗಂಟೆಗೆ ಹತ್ತು ಲೀಟರ್‌ವರೆಗೂ ಹೋಗಬಹುದು. ಬರೀ ನೀರು ಕೊಟ್ಟರೆ ಸಾಲದು, ಉಪ್ಪೂ ವಾಪಸ್ ಕೊಡಬೇಕು. ಹೊಟ್ಟೆ ಕೆಟ್ಟರೆ ವಾಂತಿ ಮಾಡಿಕೊಳ್ಳೋ ಅನುಕೂಲವೂ ಕುದುರೆಗಿಲ್ಲ. ಅದಕ್ಕೇ ಡಾಕ್ಟರು ಅಷ್ಟು ಹೊತ್ತು ಕರುಳಿನ ಸದ್ದು ಕೇಳೋದು. ಆ ತಪಾಸಣೆಯಲ್ಲಿ ಒಂದು ಕುದುರೆ ಕಲ್ಲು ತುಳಿದು ಕುಂಟ್ತಾ ಇರೋದು ಕಂಡು ನಿಲ್ಲಿಸಿದರು. ಲಾಳದ ಪಕ್ಕದಲ್ಲಿ ಸಿಕ್ಕ ಒಂದು ಹುಣಸೆ ಬೀಜದಷ್ಟು ಕಲ್ಲು. ಸವಾರ ಒಂದು ಮಾತೂ ಆಡದೆ ಜೀನು ಇಳಿಸಿದ.

ಎರಡನೇ ಸುತ್ತಿನಲ್ಲಿ ಬಿಸಿಲು ಏರಿತ್ತು. 28ನೇ ಕಿಲೋಮೀಟರ್ ಹತ್ತಿರ, ನೀಲಗಿರಿ ತೋಪಿನ ನೇರ ದಾರಿಯಲ್ಲಿ, ಹಿಂದಿನಿಂದ ಒಂದು ಮಾರ್ವಾಡಿ ಗಂಡು ಬಂತು. ಅದರ ಸವಾರ ನಿಯಮದಂತೆ "ಬಲಗಡೆ ಬರ್ತಿದೀನಿ" ಅಂತ ಕೂಗಿ, ಸಲೀಸಾಗಿ ದಾಟಿಕೊಂಡು ಹೋದ. ಬೇಗಂಳ ಇಡೀ ಮೈ ಒಂದು ಮುಷ್ಟಿ ಆಯ್ತು. ಕಿವಿ ಎರಡೂ ಮುಂದಕ್ಕೆ, ಕತ್ತು ಚಾಚಿ, ಕಡಿವಾಣ ಹಲ್ಲಲ್ಲಿ ಕಚ್ಚಿ ಕ್ಯಾಂಟರ್‌ಗೆ ಹಾರಿದಳು. ಅವಳ ಒಂಬತ್ತು ವರ್ಷದ ಬದುಕು ಅವಳಿಗೆ ಹೇಳಿಕೊಟ್ಟಿದ್ದು ಅದೊಂದೇ: ಮುಂದೆ ಹೋಗ್ತಿದ್ದಾರೆ, ಹಿಡಿ.

ನನಗೂ ಅದೇ ತಾನೇ ಹೇಳಿಕೊಟ್ಟಿದ್ದು? ಪಿಯುಸಿಯಲ್ಲಿ, ಸಿಇಟಿಯಲ್ಲಿ, ಕ್ಯಾಂಪಸ್ ಇಂಟರ್‌ವ್ಯೂನಲ್ಲಿ, ಅಪ್ರೈಸಲ್‌ನಲ್ಲಿ. ಪಕ್ಕದವನು ಒಂದು ಮೂತಿ ಮುಂದೆ ಹೋದ್ರೆ ನನಗೂ ನಿದ್ದೆ ಬರ್ತಿರಲಿಲ್ಲ. ಬಿಪಿ ಮಾತ್ರೆ ಸುಮ್ಮನೆ ಬರಲ್ಲ.

ಲಗಾಮು ಬಿಟ್ಟೆ. ಪೂರ್ತಿ, ಬಕಲ್ ಹಿಡಿಯೋವರೆಗೂ. ಒಂದು, ಎರಡು, ಮೂರು, ಹತ್ತು ಹೆಜ್ಜೆ ಅವಳು ಹಾಗೇ ಹಾರಿದಳು. ಒರಗೋಕೆ ಬಾಯಿಗೆ ಏನೂ ಸಿಗಲಿಲ್ಲ. ಅವಳ ಎಡಗಿವಿ ಹಿಂದಕ್ಕೆ ತಿರುಗಿತು. ಆಮೇಲೆ ಬಲಗಿವಿ. ಕುದುರೆ ಕಿವಿ ನಿಮ್ಮ ಕಡೆ ತಿರುಗಿಸಿದೆ ಅಂದ್ರೆ ಕೇಳಿಸ್ಕೊಳ್ತಿದೆ ಅಂತ. ನಾನು ಉಸಿರು ಬಿಟ್ಟೆ, ಅವಳೂ ಬಿಟ್ಟಳು. ಟ್ರಾಟ್‌ಗೆ ಬಂದಳು. ಮಾರ್ವಾಡಿ ಧೂಳಿನಲ್ಲಿ ಸಣ್ಣದಾಗುತ್ತಾ ಹೋಯ್ತು. ಅವಳು ನೋಡ್ತಾನೇ ಇದ್ದಳು, ಆದರೆ ಹೋಗಲಿಲ್ಲ. ಆ ಮಾರ್ವಾಡಿ ಆಮೇಲೆ ಎರಡನೇದಾಗಿ ಬಂದು, ತಪಾಸಣೆಯಲ್ಲೂ ಅಚ್ಚುಕಟ್ಟಾಗಿ ಪಾಸಾಯ್ತು. ಅದರ ವೇಗ ಅದರದ್ದು, ನಮ್ಮದು ನಮ್ಮದು. ಅಷ್ಟೇ.

ಘಾಟಿ ಹತ್ತಿರ ದಾರಿ ದನದ ಜಾತ್ರೆ ಬಯಲಿನ ಪಕ್ಕ ಹೋಗುತ್ತೆ. ಹದಿನೆಂಟು ವರ್ಷದಿಂದ ನಾನು ಆ ಕಡೆ ಬಂದಿರಲಿಲ್ಲ. ಬಯಲು ಖಾಲಿ. ಅಲ್ಲಲ್ಲಿ ಒಂದೊಂದು ಗೂಟ, ತುಳಿದ ಹುಲ್ಲು, ಒಣಗಿದ ಸಗಣಿ. ಹುಣಸೇಮರ ಹುಡುಕಿದೆ. ನಾಲ್ಕಾರು ಹುಣಸೇಮರ ಇದ್ದವು, ಯಾವುದು ಅಂತ ಗೊತ್ತಾಗಲಿಲ್ಲ. ಇಳಿದು, ಜೀನಿನ ಪಟ್ಟಿ ಒಂದು ತೂತು ಸಡಿಲ ಮಾಡಿ, ಬೇಗಂಳ ಪಕ್ಕ ನಡೆದೆ. ಇಳಿದು ನಡೆಯೋಕೆ ಈ ಆಟದಲ್ಲಿ ಅವಕಾಶ ಇದೆ, ಕುದುರೆಗೆ ಬೆನ್ನು ಹಗುರಾಗುತ್ತೆ. ಒಂದು ಕಿಲೋಮೀಟರ್ ಹಾಗೇ ನಡೆದೆವು. ನನಗೆ ಗೊತ್ತಿಲ್ಲದ ಹಾಗೆ ನನ್ನ ಅಂಗೈ ಅವಳ ಪಕ್ಕೆ ಮೇಲಿತ್ತು. ಉಸಿರು ಹೋಗ್ತಾ ಬರ್ತಾ ಇತ್ತು. ಆ ಜೋಡಿ ಮಾರಿದ ದುಡ್ಡಿನಲ್ಲೇ ನಾನು ಓದಿದ್ದು. ಆ ಓದಿನ ಸಂಬಳದಲ್ಲೇ ಇವತ್ತು ಈ ಕುದುರೆಯ ಪಕ್ಕ ನಡೀತಿರೋದು. ಇದನ್ನ ತಾತನಿಗೆ ಹೇಳಿದ್ರೆ ಏನನ್ನುತ್ತಿದ್ದನೋ. "ನೀರ್ ತೋರ್ಸ್‌ದೇನ್ಲಾ?" ಅಂತ ಕೇಳ್ತಿದ್ದ, ಅಷ್ಟೇ. ತೋರಿಸಿದೆ. ಮುಂದಿನ ತೊಟ್ಟಿಯಲ್ಲಿ ಬೇಗಂ ಕೊಳೆ ಇದೆ ಅಂತ ಮೂತಿ ತಿರುಗಿಸದೆ ಹೊಟ್ಟೆ ತುಂಬ ಕುಡಿದಳು.

ಹನ್ನೊಂದೂ ಇಪ್ಪತ್ತಕ್ಕೆ ಗೆರೆ ದಾಟಿದೆವು. ಬಡಿತ 84. ಕೈಯಲ್ಲಿ 20 ನಿಮಿಷ. ಚಾಚಾ ಮತ್ತು ನಾನು ಎರಡೂ ಕಡೆ ನಿಂತು ಮಗ್ಗಿನಲ್ಲಿ ನೀರು ಹೊಯ್ಯೋದು, ಬಿಸಿಯಾದ ನೀರನ್ನ ಕೆರೆದು ತೆಗೆಯೋದು, ಮತ್ತೆ ಹೊಯ್ಯೋದು. ಎಂಟನೇ ನಿಮಿಷಕ್ಕೆ 72. ಹನ್ನೆರಡಕ್ಕೆ 67. ಅಷ್ಟರಲ್ಲಿ ಹಿಂದಿನ ಕುದುರೆ ಬಂತು. ಅದನ್ನ ನೋಡಿ ಬೇಗಂ ಕತ್ತೆತ್ತಿ ಕೆನೆದಳು. 76. ಚಾಚಾ ಕೈಯಲ್ಲಿದ್ದ ಮಗ್ಗು ಕೆಳಗಿಟ್ಟರು. "ಈಗ ನೀರು ಬೇಡ ಸಾರ್. ಸುಮ್ನೆ ನಿಂತ್ಕೊಳಿ. ನಿಮ್ಮ ಎದೆ ನಿಂತ್ರೆ ಅವಳದ್ದೂ ನಿಲ್ತದೆ" ಅಂದ್ರು. ಅವರು ಹೇಳಬೇಕಾಗಿದ್ದು ಶಾಂತವಾದ್ರೆ ಅಂತ, ಆದರೆ ಅರ್ಥ ಆಯ್ತು. ವಾಚ್ ಬಿಚ್ಚಿ ಅವರ ಕೈಗೆ ಕೊಟ್ಟೆ. ಅವಳ ಭುಜಕ್ಕೆ ಹಣೆ ಒತ್ತಿ ಕಣ್ಣು ಮುಚ್ಚಿಕೊಂಡೆ. ಉಪ್ಪಿನ ವಾಸನೆ, ಒದ್ದೆ ಕೂದಲ ವಾಸನೆ. ಬೇರೇನೂ ಯೋಚನೆ ಮಾಡಲಿಲ್ಲ.

ಹದಿನೇಳನೇ ನಿಮಿಷಕ್ಕೆ ಚಾಚಾ ಭುಜ ತಟ್ಟಿದ್ರು. ಡಾಕ್ಟರಮ್ಮ ಸ್ಟೆತಾಸ್ಕೋಪ್ ಇಟ್ಟು ಒಂದು ನಿಮಿಷ ಎಣಿಸಿದ್ರು. 60. ಚರ್ಮ, ಒಸಡು, ಕರುಳು ಎಲ್ಲ ನೋಡಿದ್ರು. "ಓಡಿಸಿ" ಅಂದ್ರು. ಅವಳ ಪಕ್ಕ ನಾನೂ ಓಡಿದೆ. ನನಗೆ ತೊಡೆ ಬಿಗಿದು ಕುಂಟು ಬರ್ತಿತ್ತು, ಅವಳಿಗಲ್ಲ. ಡಾಕ್ಟರಮ್ಮ ನಕ್ಕು, "ಕುದುರೆ ಪಾಸು, ನಿಮ್ಮನ್ನ ನಾನು ಪರೀಕ್ಷೆ ಮಾಡಲ್ಲ" ಅಂತ ಸಹಿ ಹಾಕಿದ್ರು. ಮುಗಿಸಿದ ಆರು ಜನರಲ್ಲಿ ನಾವು ಐದನೆಯವರು.

ಮಧ್ಯಾಹ್ನ ಅಪ್ಪನಿಗೆ ಫೋನ್ ಮಾಡಿದೆ. ನಲವತ್ತು ಕಿಲೋಮೀಟರ್, ಘಾಟಿ ಹತ್ತಿರ, ಹೀಗೆಲ್ಲ ಅಂತ ಹೇಳ್ತಾ ಹೋದೆ. ಅವನು ಎಲ್ಲ ಕೇಳಿಸ್ಕೊಂಡು ಒಂದೇ ಪ್ರಶ್ನೆ ಕೇಳಿದ:

"ಕುದ್ರೆ ಹೆಂಗೈತೆ?"

ತೋಪಿನ ನೆರಳಲ್ಲಿ ಬೇಗಂ ಒಂದು ಕಾಲು ಸಡಿಲ ಬಿಟ್ಟು ನಿಂತು ಕುದುರೆ ಮಸಾಲೆ ಸೊಪ್ಪು ತಿಂತಿದ್ದಳು.

"ಮೇಯ್ತಾ ಅವಳೆ ಕಣಪ್ಪ" ಅಂದೆ.

"ಅಂಗಾದ್ರೆ ಸರಿ" ಅಂದ.